ಕಂಬದ ಕಡೆಯಿಂದ ಬಂದ ಹೂಂ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲು ಕಿಟಕಿಯ ಕಡೆ ನೋಡುವವಳು. ಅದಕ್ಕೊಂದು ಕಾರಣವಿದೆ. ನಾನು ಓದಿದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ, ಅಲ್ಲಿಯ ಹಾಸ್ಟೆಲ್ಲಿನಲ್ಲೇ ಇದ್ದುಕೊಂಡು. ಒಂದು ಸಲ ನಾವು ಮಲಗುವ ಕೋಣೆಯಲ್ಲಿ ದೆವ್ವ ಹಲ್ಲು ಕಡಿಯುತ್ತದೆ ಎಂದು ಹುಡುಗಿಯರೆಲ್ಲ ಅತ್ತು ಗದ್ದಲ ಎಬ್ಬಿಸಿದೆವು. ಸಿಸ್ಟರ್ ಒಬ್ಬರು ಬಂದು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಕಿಟಕಿಯ ಸಡಿಲ ಚಿಲಕಕ್ಕೆ ಮಡಿಸಿದ ಕಾಗದದ ಚೂರೊಂದನ್ನು ಸಿಕ್ಕಿಸಿದರು. ಹಲ್ಲು ಕಡಿಯುವುದು ನಿಂತುಹೋಯಿತು. ಅವರು ದೀಪ ಆರಿಸಿ ಹೊರಟುಹೋದರು. ಅಂದಿನಿಂದ, ಎಂಥ ವಿಚಿತ್ರದ ಸುದ್ದಿ ಕೇಳಿದರೂ ನನ್ನ ಮನಸ್ಸು ತಾನಾಗಿ ಚಿಲಕ ಹುಡುಕುತ್ತದೆ.

ಈಗ ಹೇಳಲಿರುವುದರಲ್ಲಿ ನನಗೆ ಚಿಲಕ ಸಿಕ್ಕಿಲ್ಲ. ಹುಡುಕಲಿಲ್ಲ ಎಂದಲ್ಲ. ಇದು ಕತ್ತಲಲ್ಲಿ ನಡೆದದ್ದಲ್ಲ, ಹೆದರಿಸುವಂಥದೂ ಅಲ್ಲ. ಮಧ್ಯಾಹ್ನದ ಬೆಳಕಿನಲ್ಲಿ, ತುಂಬಿ ಕೂತ ಹೆಂಗಸರ ನಡುವೆ, ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದಾಗ ಆದದ್ದು. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ನಾನೇ ಕೆಲವು ದಿನ ನಂಬುತ್ತೇನೆ, ಕೆಲವು ದಿನ ಬಿಡುತ್ತೇನೆ.

ನಾವಿರುವುದು ಕಲಘಟಗಿಯಲ್ಲಿ. ನಮ್ಮ ಮನೆಯವರದು ಬೋರ್‌ವೆಲ್ ಪಂಪು, ಮೋಟರು ದುರಸ್ತಿ ಮಾಡುವ ಅಂಗಡಿ. ಒಬ್ಬಳೇ ಮಗಳು, ಭಾಗ್ಯಾ. ಅವಳಿಗೆ ಚಿಕ್ಕಂದಿನಿಂದ ತೊದಲು. ಎಲ್ಲ ಅಕ್ಷರಕ್ಕೂ ಅಲ್ಲ. ‘ಕ’ದ ಹತ್ತಿರ ಮಾತ್ರ. ಅದೂ ಕೆಲವು ಸಲ ದಾಟಿಹೋಗುತ್ತದೆ, ಸಿಕ್ಕಿಬಿದ್ದರೆ ಬಾಗಿಲು ಮುಚ್ಚಿದ ಹಾಗೆ ನಿಂತುಬಿಡುತ್ತಾಳೆ. ಕಣ್ಣು ಕೆಳಗೆ ಹೋಗುತ್ತದೆ, ಬಲಗೈಯ ಹೆಬ್ಬೆರಳು ದುಪಟ್ಟಾದ ಅಂಚನ್ನು ತಿರುವುತ್ತದೆ. ಅವಳು ಹುಟ್ಟಿ ಬೆಳೆದದ್ದೇ ಕಲಘಟಗಿಯಲ್ಲಿ, ನೋಡಿ! ಬಸ್ಸಿನಲ್ಲಿ ಅವಳು ತನ್ನ ಊರಿನ ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ನಾನು ಪಕ್ಕದಿಂದ “ಕಲಘಟಗಿ ಎರಡು” ಎಂದು ಹೇಳಿಬಿಟ್ಟಿರುತ್ತಿದ್ದೆ. ನಾನು ಜೊತೆಗಿಲ್ಲದಿದ್ದರೆ ಕಂಡಕ್ಟರನೇ ಹೇಳುತ್ತಿದ್ದ.

ಜನ ಕೆಟ್ಟವರಲ್ಲ. ಎಲ್ಲರೂ ಅವಳಿಗೆ ಒಳ್ಳೆಯದೇ ಮಾಡುತ್ತಿದ್ದರು. ಕಿರಾಣಿ ಅಂಗಡಿಯ ಕಾಕಾ “ಕೊಬ್ಬರಿ ಏನವ್ವಾ? ಕಡ್ಲಿಬ್ಯಾಳಿ? ಕರ್ಪೂರ?” ಎಂದು ಒಂದೊಂದೇ ಡಬ್ಬಿ ಮುಟ್ಟಿ ತೋರಿಸುತ್ತಿದ್ದರು. ಒಂದು ದಿನ ಕಡ್ಡಿಪೆಟ್ಟಿಗೆ ತರಲು ಹೋದವಳು ಕೊಬ್ಬರಿ ಬಟ್ಟಲು ತಂದಳು. ಯಾಕೆ ಎಂದು ಕೇಳಿದರೆ, “ಇರ್ಲಿ ಬಿಡವ್ವಾ, ಅವರು ಅಷ್ಟ ಖುಷಿಲೆ ಹೇಳಿದ್ರು, ನಾ ಹೂಂ ಅಂದೆ” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಒಲೆಯ ಮುಂದೆ ಕೂತು ಆ ಕೊಬ್ಬರಿ ಬಟ್ಟಲನ್ನು ನೋಡಿದಾಗ ನಗು ಬರಲಿಲ್ಲ. ಈ ಹುಡುಗಿ ತನಗೆ ಬೇಕಾದದ್ದನ್ನು ಬಿಟ್ಟು ಬೇರೆಯವರು ಊಹಿಸಿದ್ದನ್ನು ಮನೆಗೆ ತರುವುದಕ್ಕೆ ಒಗ್ಗಿಕೊಂಡಿದ್ದಾಳೆ ಅನ್ನಿಸಿತು.

ಅವಳು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಅವರ ಕಾಲೇಜಿನವರು ಹೊಸ ಏರ್ಪಾಡೊಂದನ್ನು ಮಾಡಿದರು. ಹುಡುಗ ಹುಡುಗಿಯರನ್ನು ಇಬ್ಬಿಬ್ಬರಂತೆ ಸುತ್ತಲ ಊರುಗಳ ಮಠ, ಚರ್ಚು, ದರ್ಗಾ, ಬಸದಿಗಳಿಗೆ ಕಳಿಸುವುದು. ಅಲ್ಲೇ ಉಳಿದು, ಅಲ್ಲಿಯ ಕೆಲಸ ಮಾಡಿ, ಮುಂದೆ ತಮ್ಮ ಬದುಕಿನ ಕೆಲಸ ಯಾವುದಿರಬಹುದು ಎಂದು ತಮ್ಮನ್ನೇ ಕೇಳಿಕೊಂಡು ಬರುವುದು. ಇಂಟರ್ನ್‌ಶಿಪ್ ಎಂದು ಇದಕ್ಕೆ ಹೆಸರು; ಹಾಗೆಂದರೆ ಕಂಪನಿಗೆ ಹೋಗುವುದು ಅಂತ ಮಾತ್ರ ನನಗೆ ಗೊತ್ತಿತ್ತು. ನಮ್ಮ ಮನೆಯವರು, “ಮಠಕ್ಕ ಹೋಗಿ ಏನ್ ಇಂಟರ್ನ್‌ಶಿಪ್ಪ? ತಾಟ ತೊಳ್ಯಾಕ ಇಲ್ಲೇನ ಕಮ್ಮಿ ಬಿದ್ದಾವ?” ಎಂದರು. ಭಾಗ್ಯಾ ಮಾತ್ರ ಅಷ್ಟರೊಳಗೆ ಚೀಲ ತುಂಬಿಕೊಂಡಾಗಿತ್ತು.

ಅವಳಿಗೆ ಸಿಕ್ಕಿದ್ದು ಶಲವಡಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಮಠ. ಜೊತೆಗೆ ಅಣ್ಣಿಗೇರಿಯ ರೇಷ್ಮಾ. ರೇಷ್ಮಾಳ ತಂದೆಗೆ ಅಲ್ಲಿ ಹೊಲಿಗೆಯ ಅಂಗಡಿ. ಬಾಯಿಬಡುಕಿ ಹುಡುಗಿ, ಒಳ್ಳೆಯ ಮನಸ್ಸು. ಮಠದಲ್ಲಿ ಒಂದು ಬಡಮಕ್ಕಳ ಹಾಸ್ಟೆಲ್ಲು, ನಿತ್ಯ ದಾಸೋಹ, ನಾಲ್ಕಾರು ದನಗಳು, ಶ್ರಾವಣ ಬಂತೆಂದರೆ ತಿಂಗಳಿಡೀ ಪುರಾಣ. ಅಲ್ಲಿಯ ಸ್ವಾಮಿಗಳನ್ನು ಊರವರು ಅಜ್ಜಾರು ಅನ್ನುತ್ತಾರೆ. ವಯಸ್ಸಿನಲ್ಲಿ ಅವರಿನ್ನೂ ನನಗಿಂತ ಚಿಕ್ಕವರು. ಅವರು ಈ ಇಬ್ಬರಿಗೂ ಹೇಳಿದ್ದು ಇಷ್ಟೇ: ಎಲ್ಲ ಕೆಲಸಕ್ಕೂ ಕೈ ಹಾಕ್ರಿ, ಕಡೀ ಸೋಮವಾರ ಪುರಾಣದ ಮುಂದ ನಿಂತು ಏನ್ ಕಂಡ್ರಿ ಹೇಳ್ರಿ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಭಾಗ್ಯಾಳಿಗೆ ಟೀಚರ್ ಆಗಬೇಕೆಂಬ ಆಸೆ ಮೊದಲಿನಿಂದ ಇತ್ತು. ಆದರೆ ಯಾರ ಮುಂದೂ ಗಟ್ಟಿಯಾಗಿ ಹೇಳಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ಅವಳಿಗಾಗಿ ಕಾದಿತ್ತು. “ಅಲ್ಲೆ ಮಾತಾಡೂದ ಇಲ್ಲ, ಆರಾಮ ಇರ್ತಾಳ” ಎಂದು ತಮ್ಮ ಪ್ರೀತಿಯಿಂದಲೇ ಹೇಳಿದ್ದ. ಮಠಕ್ಕೆ ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ನನಗೆ ಹೇಳಿದಳು: “ಅವ್ವಾ, ಅಷ್ಟ ಮಂದಿ ಮುಂದ ನಂದ ಬಾಯಿಲೆ ನಾಲ್ಕು ಮಾತು ಬಂದ್ರ ಬಿ.ಎಡ್.ಗೆ ಅರ್ಜಿ ಹಾಕ್ತೀನಿ. ಬರಲಿಲ್ಲಂದ್ರ ಮಾಮಾನ ಆಫೀಸು. ಆಮ್ಯಾಲೆ ನೀವ್ಯಾರೂ ಮತ್ತ ಕೇಳಬ್ಯಾಡ್ರಿ.” ಅವಳು ತನ್ನ ಮೇಲೆ ತಾನೇ ಹೂಡಿಕೊಂಡ ಪಂದ್ಯ ಅದು. ಇನ್ನೊಮ್ಮೆ ಯೋಚಿಸು ಎಂದರೆ ಕೇಳುವ ಮುಖವಿರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಹತ್ತಿರ ಬಂದಾಗ ಅವಳ ಫೋನು ಬಂತು.

“ಅವ್ವಾ, ಅಜ್ಜಾರು ವಿಷಯಾ ಕೊಟ್ಟಾರ.”

“ಯಾವ್ದ?”

“ಕ... ಕ...”

“ಕಾಯಕ ಏನ?” ಎಂದೆ.

ಆ ಕಡೆ ಎಲ್ಲೋ ದೂರ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆಮೇಲೆ, “ಹೌದು. ನೀನ ಹೇಳಿದಿ” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. “ಬರೂದಾದ್ರ ಬಾ ಅವ್ವಾ. ಹಿಂದ ಕುಂದ್ರು. ಆದ್ರ ನಾ ನಿಂತಲ್ಲೆ ನೀ ಶಬ್ದಾ ಹೇಳಬ್ಯಾಡ. ಅದೊಂದ ದಿನ.”

ನಾನು ಆಯಿತು ಎಂದೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೀನ ಸುಮ್ನ ಕುಂದರಾಕಿ? ಟೀವ್ಯಾಗಿನ ಮಂದಿಗೂ ಮುಂದಿನ ಮಾತು ನೀನ ಹೇಳ್ತಿ.” ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಶಾಲೆಯಲ್ಲಿಯೂ ನಾನು ಹಾಗೆಯೇ. ಪ್ರಾರ್ಥನೆಗೆ ಸಾಲಾಗಿ ಹೋಗುವಾಗ ಮಾತಾಡುತ್ತೇನೆಂದು ಸಿಸ್ಟರ್ ನನ್ನ ಬಾಯಿ ತುಂಬ ನೀರು ತುಂಬಿಸಿ ನಡೆಸುತ್ತಿದ್ದರು. ಅದನ್ನು ನೆನೆದುಕೊಂಡೇ, ಹೊರಡುವ ದಿನ ಸೆರಗಿನ ತುದಿಗೆ ಒಂದು ದೊಡ್ಡ ಕಲ್ಲುಸಕ್ಕರೆ ಕಟ್ಟಿಕೊಂಡೆ. ಅವಳು ಮಾತಿಗೆ ನಿಂತಾಗ ಬಾಯಲ್ಲಿಟ್ಟುಕೊಂಡರೆ ತುಟಿ ತೆರೆಯಲಾರದು ಎಂದು ನನ್ನ ಲೆಕ್ಕ. ಬಸ್ಸಿನ ಕಿಟಕಿಯ ಕಂಬಿಗೆ ಹಣೆ ಹಚ್ಚಿ, “ಶಿವನೇ, ಇವತ್ತೊಂದು ದಿನ ನನ್ನ ಬಾಯಿ ಹಿಡಿ” ಎಂದು ಬೇಡಿಕೊಂಡದ್ದೂ ನಿಜ. ಅರ್ಧ ಭಕ್ತಿ, ಅರ್ಧ ತಮಾಷೆ.

ಅಣ್ಣಿಗೇರಿ ದಾಟಿದ ಮೇಲೆ ಎರಡೂ ಕಡೆ ಎರೆಭೂಮಿ. ಹೊಲಗಳಲ್ಲಿ ಹೆಂಗಸರು ಹೆಸರುಕಾಯಿ ಬಿಡಿಸುತ್ತಿದ್ದರು. ಹಿಂದಿನ ದಿನದ ಮಳೆಗೆ ಮಠದ ದಾರಿಯ ಮಣ್ಣು ಚಪ್ಪಲಿಗೆ ಅಂಟಿ ಅಂಟಿ, ಬಾಗಿಲು ಮುಟ್ಟುವ ಹೊತ್ತಿಗೆ ನಾನು ಎರಡು ಬೆರಳು ಎತ್ತರವಾಗಿದ್ದೆ. ರೇಷ್ಮಾ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

“ಬರ್ರಿ ಆಂಟಿ, ಬರ್ರಿ. ನಾ ಬಂದ ಮ್ಯಾಲೆ ಈ ಮಠದ ಸಾರಿಗೆ ಖಾರ ಬಂದೈತಿ ನೋಡ್ರಿ. ನಿಮ್ಮ ಮಗಳು ಮೊದಲನೇ ದಿನಾನ ಉಪ್ಪು ಎರಡ ಸಲ ಹಾಕಿ ಕೊಟ್ಟಿಗಿಗೆ ಬಡ್ತಿ ತಗೊಂಡ್ಲು.”

“ಕೊಟ್ಟಿಗ್ಯಾಗರೆ ನಿಂತ್ಲೇನವ್ವಾ?” ಎಂದು ಕೇಳಿದೆ. ನೋಡಿ, ಆಗ ನನ್ನ ದನಿ ಸರಿಯಾಗಿಯೇ ಇತ್ತು.

“ಎಲ್ಲೀದು! ಎಮ್ಮಿ ಒದ್ದ ಕಳಿಸಿತು. ಈಗ ಹುಡುಗರಿಗೆ ಪಾಠ. ಆಂಟಿ, ವಿಷಯಾ ಬದಲ ಮಾಡಸೂಣು ಅಂತ ನಾ ಎಷ್ಟ ಹೇಳಿದೆ. ಕಾಯಕ ಅನ್ನಬ್ಯಾಡಲೇ, ದುಡಿಮಿ ಅನ್ನು, ಯಾರ ಕೇಳ್ತಾರ ಅಂದೆ. ‘ನನಗ ಬೇಕಾದದ್ದ ನಾ ಹೇಳಾಕಿ’ ಅಂತಾಳ.”

ನಾನು ತೊಟ್ಟಿಯ ಬಳಿ ಕಾಲು ತೊಳೆದುಕೊಂಡೆ, ಎರಡು ಬೊಗಸೆ ನೀರು ಕುಡಿದೆ. ತಿರುಗಿದರೆ ಭಾಗ್ಯಾ ನಿಂತಿದ್ದಳು. ಸ್ವಲ್ಪ ಕಪ್ಪಾಗಿದ್ದಳು, ಮುಂಗೈ ಮೇಲೆ ಯಾವುದೋ ಮಗು ಪೆನ್ನಿನಿಂದ ಗಡಿಯಾರ ಬರೆದಿತ್ತು. ಊಟ ಆಯಿತೇ ಎಂದು ಕೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ.

ಗಂಟಲು ಕಟ್ಟಿದಾಗ ಕರಕರ ಎನ್ನುವ ಒಂದು ಒಡಕು ದನಿಯಾದರೂ ಇರುತ್ತದಲ್ಲ, ಅದೂ ಇರಲಿಲ್ಲ. ನೋವಿಲ್ಲ, ಉರಿಯಿಲ್ಲ. ನಲ್ಲಿ ತಿರುಗಿಸಿದರೆ ನೀರು ಬಾರದಿದ್ದ ಹಾಗೆ. ನನ್ನ ತುಟಿ ಅಲ್ಲಾಡಿ ನಿಂತದ್ದನ್ನು ನೋಡಿ ಭಾಗ್ಯಾ ನಕ್ಕುಬಿಟ್ಟಳು. “ಈಗಿಂದನ ಶುರು ಮಾಡಿದೇನವ್ವಾ? ನಾ ಮಾತಾಡುವಾಗಷ್ಟ ಸುಮ್ನ ಇರು ಅಂದಿದ್ದೆ!” ಎಂದಳು. ನಾನು ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು. ಅಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಹಾಸ್ಟೆಲ್ಲಿನ ಮಕ್ಕಳು ಅವಳ ಕೈ ಹಿಡಿದು ಎಳೆದುಕೊಂಡು ಹೋದರು. ಹೋಗುವಾಗ ಹಿಂತಿರುಗಿ ನೋಡಿದಳು. ಅಂಥ ಹಗುರ ಮುಖವನ್ನು ಅವಳಲ್ಲಿ ನಾನು ಕಂಡು ಬಹಳ ದಿನವಾಗಿತ್ತು. ಅದಕ್ಕೇ ಬೆನ್ನಟ್ಟಿ ಹೋಗಿ ತಿಳಿಸುವ ಮನಸ್ಸಾಗಲಿಲ್ಲ.

ರೇಷ್ಮಾಳಿಗೆ ಮಾತ್ರ ಗಂಟಲು ಮುಟ್ಟಿ ತೋರಿಸಿದೆ. ಅವಳು ಗಾಬರಿಯಾಗಿ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟಳು. ಮುಕ್ಕಳಿಸಿದೆ. ಕೆಮ್ಮಿ ನೋಡಿದೆ, ಬರೀ ಗಾಳಿ. “ಪ್ರಯಾಣದ್ದು ಇರಬೇಕ್ರಿ ಆಂಟಿ, ಸುಮ್ನ ಕುಂದರ್ರಿ, ಬರ್ತೈತಿ” ಎಂದು ನನ್ನನ್ನು ಒಳಗೆ ಕರೆದೊಯ್ದು ಹಿಂದೆ, ಚಪ್ಪಲಿ ಬಿಡುವ ಬಾಗಿಲಿನ ಹತ್ತಿರ ಕೂರಿಸಿದಳು. ಸೆರಗಿನ ಕಲ್ಲುಸಕ್ಕರೆಯ ಗಂಟು ಬಿಚ್ಚುವ ಅಗತ್ಯವೇ ಇರಲಿಲ್ಲ.

ಪುರಾಣ ನಡೆಯುವುದು ಗದ್ದುಗೆಯ ಮುಂದಿನ ಕಂಬದ ಸಾಲಿನ ಪಡಸಾಲೆಯಲ್ಲಿ. ನಮ್ಮ ಕಡೆ ಕತೆ ಹೇಳುವವರಿಗೆ ಹೂಂಗುಟ್ಟುವವರು ಒಬ್ಬರು ಬೇಕು. ಒಂದೊಂದು ಮಾತು ಮುಗಿದಾಗಲೂ ‘ಹೂಂ’ ಅನ್ನಬೇಕು. ಅದಿಲ್ಲದಿದ್ದರೆ ಹೇಳುವವರಿಗೆ ಮುಂದಿನ ಹೆಜ್ಜೆ ಎತ್ತಲು ಆಗುವುದಿಲ್ಲ. ಆ ಮಠದಲ್ಲಿ ಅದು ನೀಲವ್ವ ಎಂಬ ಮುದುಕಿಯ ಕೆಲಸ. ಮುಂದಿನ ಎಡಗಂಬಕ್ಕೆ ಒರಗಿ, ತನ್ನ ಕೌದಿಯ ಮೇಲೆ ಕೂತು ಅವಳು ಹೂಂಗುಟ್ಟಿದರೆ ಪುರಾಣದ ಶಾಸ್ತ್ರಿಗಳಿಗೆ ಹುರುಪು ಬರುತ್ತಿತ್ತಂತೆ. ಆ ದಿನ ಅವಳು ಊರಲ್ಲಿರಲಿಲ್ಲ. ಮೊಮ್ಮಗಳ ಬಾಣಂತನಕ್ಕೆಂದು ತಂಬೂರು ಎಂಬ ಹಳ್ಳಿಗೆ ಹೋಗಿದ್ದಳು. ರೂಢಿಯಂತೆ ಯಾರೋ ಅವಳ ಕೌದಿಯನ್ನು ಕಂಬದ ಬುಡಕ್ಕೆ ಹಾಸಿಬಿಟ್ಟಿದ್ದರು. ಅದರ ಮೇಲೆ ಯಾರೂ ಕೂರಲಿಲ್ಲ. ಕೆಂಪು, ಹಳದಿ ಚೂರುಗಳ ಕೌದಿ; ಒಂದು ಮೂಲೆಗೆ ನೀಲಿ ಸೀರೆಯ ತೇಪೆ. ಇಷ್ಟು ದೂರದಿಂದಲೂ ನನಗದು ಕಾಣುತ್ತಿತ್ತು.

ಮೊದಲು ಶಾಸ್ತ್ರಿಗಳು ಮಾತಾಡಿದರು. ಪಾಪ, ನಡುನಡುವೆ ನಿಂತು ಕಂಬದ ಕಡೆ ನೋಡುವರು. “ನೀಲವ್ವ ಇಲ್ಲಂದ್ರ ಗ್ವಾಡಿಗೆ ಹೇಳಿದಂಗ ಆಕ್ಕತಿ ನೋಡ್ರಿ” ಎಂದರು. ಹೆಂಗಸರು ನಕ್ಕರು. ಯಾರೂ ಹೂಂ ಅನ್ನಲಿಲ್ಲ. ಅದು ನೀಲವ್ವನ ಜಾಗ ಎಂಬ ಮರ್ಯಾದೆ. ಇದನ್ನು ದಯವಿಟ್ಟು ನೆನಪಿಡಿ. ಅವರು ಮಾತಾಡಿದಷ್ಟು ಹೊತ್ತೂ ಆ ಕಂಬದ ಕಡೆಯಿಂದ ಒಂದು ಸದ್ದೂ ಬಂದಿರಲಿಲ್ಲ.

ಆಮೇಲೆ ರೇಷ್ಮಾ ನಿಂತು, ಅಡಿಗೆಮನೆಯ ಕತೆ ಹೇಳಿ ಎಲ್ಲರನ್ನೂ ನಗಿಸಿದಳು. ಕೂರುವ ಮುನ್ನ ತನ್ನ ಫೋನನ್ನು ರೆಕಾರ್ಡಿಗೆ ಹಚ್ಚಿ, ಗೆಳತಿಯ ಮಾತು ಚೆನ್ನಾಗಿ ಕೇಳಲಿ ಎಂದು ಮುಂದೆ ನೀಲವ್ವನ ಕೌದಿಯ ಮೇಲಿಟ್ಟಳು. ಆಮೇಲೆ ನನ್ನ ಮಗಳು ಎದ್ದಳು.

ನಮಸ್ಕಾರ ಮಾಡಿದಳು. “ಅಜ್ಜಾರು ನನಗ ಕೊಟ್ಟಿದ್ದು...” ಎಂದಳು. ನಿಂತಳು. ಕಣ್ಣು ಕೆಳಗೆ ಹೋಯಿತು. ಹೆಬ್ಬೆರಳು ದುಪಟ್ಟಾದ ಅಂಚಿಗೆ ಹೋಯಿತು. “ಕ... ಕ...”

ನೂರು ಜನ ಹೆಂಗಸರು, ಎಲ್ಲರಿಗೂ ಆ ಶಬ್ದ ಗೊತ್ತು. ಮುಂದಿನ ಸಾಲಿನವರ ತುಟಿಗಳು ಅಲ್ಲಾಡತೊಡಗಿದ್ದು ಹಿಂದಿನಿಂದಲೇ ನನಗೆ ತಿಳಿಯಿತು. ಇನ್ನೊಂದು ಗಳಿಗೆ ತಡವಾದರೆ ಯಾರಾದರೂ ಪುಣ್ಯಾತ್ಮರು ಅವಳ ಕೈಗೆ ಕೊಬ್ಬರಿ ಬಟ್ಟಲು ಕೊಟ್ಟೇ ಬಿಡುತ್ತಿದ್ದರು. ಮತ್ತು ಎಲ್ಲರಿಗಿಂತ ಮೊದಲು ನಾನು. ಮಾತು ಕೊಟ್ಟಿದ್ದೆ, ಬೇಡಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ನನ್ನ ಬಾಯಿ ತಾನಾಗಿ ತೆರೆಯಿತು. ಇಡೀ ಮೈಯಿಂದ ‘ಕಾಯಕ’ ಎಂದೆ. ಗಾಳಿ ಕೂಡ ಹೊರಡಲಿಲ್ಲ.

ಆಗ ಮುಂದಿನ ಎಡಗಂಬದ ಕಡೆಯಿಂದ ಕೇಳಿಸಿತು: “ಹೂಂ.”

ಗಟ್ಟಿಯಾಗಿ ಅಲ್ಲ. ಅವಸರವಿಲ್ಲದ, ಹೇಳವ್ವಾ ನಾನಿಲ್ಲೇ ಇದ್ದೇನೆ ಅನ್ನುವಂಥ ಹೂಂ. ಅಲುಗಾಡುತ್ತಿದ್ದ ತುಟಿಗಳೆಲ್ಲ ನಿಂತವು. ಮತ್ತು ಅದು ನನ್ನ ದನಿ.

ಯಾರಿಗಾದರೂ ತನ್ನ ದನಿ ಹೊರಗಿನಿಂದ ಕೇಳಿದರೆ ಗುರುತು ಸಿಗುವುದಿಲ್ಲ ಅನ್ನುತ್ತಾರೆ. ನನಗೆ ಸಿಕ್ಕಿತು. ನನ್ನ ಬಾಜೂಕ್ಕೆ ಕೂತಿದ್ದ ಹೆಂಗಸು, ಬಸ್ಸಿಳಿದು ದಾರಿಯುದ್ದಕ್ಕೂ ನನ್ನೊಡನೆ ಮಾತಾಡುತ್ತಾ ಬಂದವಳು, ಥಟ್ಟನೆ ತಿರುಗಿ ನನ್ನ ಮುಖ ನೋಡಿದಳು. ನಾನು ಕಂಬದ ಕಡೆ ನೋಡುತ್ತಿದ್ದೆ. ಬರಿದಾದ ಕೌದಿ, ಅದರ ಮೇಲೆ ರೇಷ್ಮಾಳ ಫೋನು. ಹತ್ತಿರದಲ್ಲಿದ್ದವರು ಇಬ್ಬರು ಸಣ್ಣ ಹುಡುಗಿಯರು ಮಾತ್ರ.

ಭಾಗ್ಯಾ ತಲೆ ಎತ್ತಿದಳು. “ಕ... ಕಾಯಕ” ಎಂದಳು. ಆ ಶಬ್ದ ಅವಳ ಬಾಯಿಂದ ಇಡಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದು ಬರುವಷ್ಟು ಹೊತ್ತನ್ನು ಅದಕ್ಕೆ ಮುಂಚೆ ನಾವ್ಯಾರೂ ಅವಳಿಗೆ ಕೊಟ್ಟಿರಲಿಲ್ಲ.

ಮುಂದೆ ಅವಳು ಹೇಳಿದಳು. ಉಪ್ಪಿನ ಕತೆ, ಎಮ್ಮೆಯ ಕತೆ. ಹಾಸ್ಟೆಲ್ಲಿನ ಮಕ್ಕಳು ಮೊದಲ ವಾರ ತನ್ನ ತೊದಲನ್ನು ಅಣಕಿಸಿದ್ದು, ಎರಡನೆಯ ವಾರ ಅದನ್ನೊಂದು ಆಟ ಮಾಡಿಕೊಂಡದ್ದು. ಓದಲು ಹೆದರಿ ಪುಸ್ತಕ ಮುಚ್ಚಿಡುತ್ತಿದ್ದ ಒಂದು ಹುಡುಗಿ, ಟೀಚರಿಗೂ ತಡವಾಗುತ್ತದೆ ಎಂದು ಗೊತ್ತಾದ ಮೇಲೆ ತಾನೂ ನಿಧಾನವಾಗಿ ಓದತೊಡಗಿದ್ದು. ಎಷ್ಟೋ ಕಡೆ ನಿಂತಳು. ನಿಂತಾಗಲೆಲ್ಲ ಕಂಬದ ಕಡೆಯಿಂದ ಹೂಂ ಬಂತು. ಅವಳು ಸರಾಗವಾಗಿ ಹೇಳುವಾಗ ಬರುತ್ತಿರಲಿಲ್ಲ. ನಾನು ಎರಡನೆಯ ಸಲದಿಂದ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ, ನನ್ನನ್ನು ನಾನೇ ಪರೀಕ್ಷೆ ಮಾಡುವಂತೆ. ತುಟಿ ಅಲ್ಲಾಡಲಿಲ್ಲ, ಗಂಟಲು ನಡುಗಲಿಲ್ಲ.

ಕೊನೆಗೆ ಅವಳು ಹೇಳಿದ್ದು ನನಗೆ ಬಾಯಿಪಾಠವಾಗಿದೆ. “ಕೆಲಸ ನಮ್ಮನ್ನ ಕ... ಕರೀತೈತಿ ಅಂತ ಕಾಲೇಜಿನ್ಯಾಗ ಹೇಳಿ ಕಳಿಸಿದ್ರು. ನನಗ ಯಾರೂ ಕರೀಲಿಲ್ಲರಿ. ನನ್ನ ಕೆಲಸ ಇಲ್ಲೆ ಸುಮ್ನ ಕುಂತಿತ್ತು. ನಾ ಮಾತು ಮುಗಸೂ ತನಕ ಅದು ತಡೀತು. ಅದಕ್ಕ ನಾ ಟೀಚರ್ ಆಗಾಕಿ.” ಅಜ್ಜಾರು ಎದ್ದು ನಿಂತು ಕೈ ಮುಗಿದರು. ನಾನು ಅಳುತ್ತಿದ್ದೆ, ಸದ್ದಿಲ್ಲದೆ. ಸದ್ದು ಮಾಡಬೇಕೆಂದರೂ ಇರಲಿಲ್ಲವಲ್ಲ.

ದನಿ ಮರಳಿ ಬಂದದ್ದು ದಾಸೋಹದ ಪಂಕ್ತಿಯಲ್ಲಿ. ರೇಷ್ಮಾ ಗೋಧಿಹುಗ್ಗಿಯ ನಂತರ ಸಾರು ಬಡಿಸುತ್ತಾ ಬಂದಳು. ಅವಸರದಲ್ಲಿ ಒಂದಿಷ್ಟು ನನ್ನ ಕೈಮೇಲೆ ಸಿಡಿಯಿತು. “ಅಯ್ಯಯ್ಯ!” ಎಂದೆ, ಇಡೀ ಪಂಕ್ತಿ ತಿರುಗಿ ನೋಡುವ ಹಾಗೆ. “ಬಂತ್ರಿ ಆಂಟಿ, ನನ್ನ ಖಾರಕ್ಕ ಹೆದರಿ ಬಂತು!” ಎಂದು ಅವಳು ಸೌಟು ಹಿಡಿದೇ ಕುಣಿದಳು.

ಕೈ ತೊಳೆಯುವಾಗ ಭಾಗ್ಯಾ ಹಿಂದಿನಿಂದ ಬಂದು ನನ್ನ ಕೊರಳು ತಬ್ಬಿದಳು. “ಅವ್ವಾ, ನೀ ಶಬ್ದಾ ಹೇಳಲಿಲ್ಲ. ಬರೇ ಹೂಂ ಅಂದಿ. ಅದು ಕ... ಕಿವಿಗೆ ಬಿದ್ದ ಕೂಡ್ಲೆ ನನಗ ಅವಸರನ ಹೋಗಿಬಿಡ್ತು.”

“ನಾ ಅನ್ನಲಿಲ್ಲವ್ವಾ. ನನಗ ದನೀನ ಇರಲಿಲ್ಲ. ರೇಷ್ಮಾನ್ನ ಕೇಳು” ಎಂದೆ. ಬಾಜೂಕ್ಕೆ ಕೂತಿದ್ದ ಆ ಹೆಂಗಸು ಅಲ್ಲೇ ತಾಟು ತೊಳೆಯುತ್ತಿದ್ದಳು. “ಸುಳ್ಳ ಯಾಕ ಹೇಳ್ತೀರಿ ಅಕ್ಕಾರ? ಎಷ್ಟ ಚಂದ ಹೂಂಗುಟ್ಟಿದ್ರಿ. ಆದ್ರ ಇಲ್ಲೆ ಕುಂತು ಅಲ್ಲಿಂದ ಹೆಂಗ ಅಂದ್ರಿ, ಅದು ತಿಳೀವಲ್ದು” ಎಂದಳು. ಭಾಗ್ಯಾ ನಕ್ಕಳು. ನಾನು ದೊಡ್ಡಸ್ತಿಕೆ ಬೇಡವೆಂದು ಹೀಗೆನ್ನುತ್ತೇನೆ ಎಂದೇ ಅವಳ ನಂಬಿಕೆ. ಇವತ್ತಿಗೂ ಹಾಗೆಯೇ ನಂಬಿದ್ದಾಳೆ.

ಚಿಲಕ ಹುಡುಕಿದೆ ಎಂದೆನಲ್ಲ. ಮೊದಲು ಡಾಕ್ಟರ ಹತ್ತಿರ ಹೋದೆ. ಗಂಟಲು ಚೆನ್ನಾಗಿದೆ, ಮನಸ್ಸಿನ ಒತ್ತಡಕ್ಕೆ ಹೀಗೆ ಕೆಲವೊಮ್ಮೆ ದನಿ ನಿಲ್ಲುವುದುಂಟು ಎಂದರು. ಅದನ್ನು ಒಪ್ಪಿದೆ. ಬಾಯಿ ಮುಚ್ಚಿಕೊಂಡೂ ಹೂಂ ಅನ್ನಬಹುದು, ನನಗೇ ತಿಳಿಯದೆ ನಾನೇ ಅಂದಿರಬಹುದು ಎಂದೂ ಯೋಚಿಸಿದೆ. ಅದನ್ನೂ ಮುಕ್ಕಾಲು ಒಪ್ಪಿದ್ದೆ. ಆಗ ರೇಷ್ಮಾ ರೆಕಾರ್ಡು ಕಳಿಸಿದಳು. ಮನೆಯವರು ಅಂಗಡಿಯಿಂದ ಬಂದ ಮೇಲೆ ಇಬ್ಬರೂ ಕೂತು ಕೇಳಿದೆವು. ಮಗಳ ಮಾತು ಸ್ವಲ್ಪ ದೂರದಿಂದ ಕೇಳುತ್ತದೆ. ಹಿಂದಿನ ಸಾಲಿನ ಕೆಮ್ಮು, ಕೂಸಿನ ಅಳು ಇನ್ನೂ ದೂರದಿಂದ, ಬಾವಿಯೊಳಗಿನಂತೆ. ನಾನು ಕೂತದ್ದು ಅವರಿಗಿಂತ ಹಿಂದೆ. ಹೂಂ ಮಾತ್ರ ಫೋನಿನ ಪಕ್ಕದಲ್ಲೇ, ಕೌದಿಯ ಮೇಲೆ ಯಾರೋ ಕೂತು ಅಂದಂತೆ, ತೀರಾ ಹತ್ತಿರ.

ನಮ್ಮ ಮನೆಯವರು ಮೋಟರಿನ ಸದ್ದು ಕೇಳಿಯೇ ಒಳಗಿನ ದೋಷ ಹೇಳುವವರು. ಕಣ್ಣು ಮುಚ್ಚಿ ಎರಡು ಸಲ ಕೇಳಿದರು. “ಇದು ನಿನ್ನ ದನೀನ” ಎಂದರು. ಕಣ್ಣು ತೆರೆದು, “ಆದ್ರ ನೀ ಇಷ್ಟ ಸಮಾಧಾನಲೆ ಯಾವಾಗ ಹೂಂ ಅಂದಿ?” ಎಂದರು. ಅವರು ಕೆಣಕಲು ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು.

ನೀಲವ್ವ ಊರಿಗೆ ಮರಳಿದ ಮೇಲೆ ಒಂದು ಕುಪ್ಪಸದ ಕಣ ತೆಗೆದುಕೊಂಡು ಅವಳನ್ನೂ ನೋಡಿಬಂದೆ. ನಡೆದದ್ದೆಲ್ಲ ಹೇಳಿದೆ. ಮುದುಕಿ ನನ್ನ ಪ್ರತಿ ಮಾತಿಗೂ ರೂಢಿಯಂತೆ ಹೂಂಗುಟ್ಟುತ್ತಾ ಕೇಳಿದಳು. ಅವಳ ಹೂಂ ಬೇರೆ, ಒಡೆದ ಕೊಳಲಿನಂತೆ, ಕೊನೆಗೆ ಮೇಲಕ್ಕೇರುತ್ತದೆ. “ನಾ ಅವತ್ತ ತಂಬೂರಾಗ ಕೂಸಿಗೆ ನೀರು ಎರೀತಿದ್ದೆ ಯವ್ವಾ. ಅಲ್ಲೆ ಹೂಂ ಅಂದ್ರ ಇಲ್ಲಿಗೆ ಕೇಳಾಕ ನನಗೇನ್ ಮೈಕ ಹಚ್ಯಾರ?” ಎಂದಳು. ಆಮೇಲೆ ಅವಳ ಮುಖ ಗಂಟಾಯಿತು. “ಅದು ಬಿಡು. ನನ್ನ ಕೌದಿ ಮ್ಯಾಲೆ ಯಾರ ಕುಂತಿದ್ರು, ಅದ ಹೇಳು ಮೊದಲ.” ನಾನು ಯಾರೂ ಕೂತಿರಲಿಲ್ಲ ಎಂದೆ. “ಯಾರೂ ಕುಂದರಲಾರದ ಹೂಂ ಹೆಂಗ ಬರ್ತೈತಿ?” ಎಂದು ನನ್ನನ್ನೇ ಕೇಳಿದಳು. ಅದೇ ಪ್ರಶ್ನೆ ಹಿಡಿದು ನಾನು ಅಲ್ಲಿಯವರೆಗೆ ಹೋಗಿದ್ದೆ.

ಇದಾಗಿ ನಾಲ್ಕು ವರ್ಷ. ಭಾಗ್ಯಾ ಬಿ.ಎಡ್. ಮುಗಿಸಿ ಈಗ ಅಳ್ನಾವರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ತೊದಲು ಹೋಗಿಲ್ಲ. ಹೋಗಲಿ ಎಂದು ಈಗ ಅವಳು ಕಾಯುತ್ತಲೂ ಇಲ್ಲ. ನಿಲ್ಲುತ್ತಾಳೆ, ತಲೆ ಎತ್ತಿಯೇ ನಿಲ್ಲುತ್ತಾಳೆ, ಆಮೇಲೆ ಹೇಳುತ್ತಾಳೆ. ಕಲಘಟಗಿಗೆ ಬರುವಾಗ ಬಸ್ಸಿನಲ್ಲಿ ಊರಿನ ಹೆಸರನ್ನು ತಾನೇ ಹೇಳಿ ಟಿಕೇಟು ತೆಗೆಯುತ್ತಾಳಂತೆ. ಕಂಡಕ್ಟರನ ಮುಖ ನೋಡುತ್ತಾ, ಅವನಿಗೆ ಎಷ್ಟೇ ಅವಸರವಿದ್ದರೂ. ಕಿರಾಣಿ ಅಂಗಡಿಯ ಕಾಕಾನೂ ಈಗ ಡಬ್ಬಿಗಳ ಮೇಲೆ ಕೈಯಿಡದೆ ಸುಮ್ಮನೆ ನಿಲ್ಲುವುದನ್ನು ಕಲಿತಿದ್ದಾರೆ.

ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ, ಯಾರಾದರೂ ಇದ್ದರೆ, “ನಮ್ಮವ್ವ ಅವತ್ತ ಹೂಂ ಅನ್ನದಿದ್ರ ನಾ ಇವತ್ತ ಟೀಚರ್ ಅಲ್ಲ” ಎಂದು ಹೇಳುತ್ತಾಳೆ. ನಾನು ಮೊದಮೊದಲು ಅಲ್ಲಗಳೆಯುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅವಳು ಕೊಡುವ ಆ ಕೃತಜ್ಞತೆ ನನ್ನದಲ್ಲ. ಯಾರದೋ ವಸ್ತು ತಪ್ಪಿ ನಮ್ಮ ಮನೆಗೆ ಬಂದರೆ ಜೋಪಾನವಾಗಿ ಎತ್ತಿಡುತ್ತೇವಲ್ಲ, ಹಾಗೆ ಎತ್ತಿಟ್ಟಿದ್ದೇನೆ. ಯಾರಿಗೆ ಮುಟ್ಟಿಸಬೇಕೋ ತಿಳಿದಿಲ್ಲ. ಸಂಜೆ ದೀಪ ಹಚ್ಚುವಾಗ, ನೀನು ಯಾರೇ ಇರು, ನಿನ್ನದು ನನ್ನ ಹತ್ತಿರ ಇದೆ ಎಂದು ಮನಸ್ಸಿನಲ್ಲಿ ಹೇಳುತ್ತೇನೆ.

ಶಾಲೆ ಬಿಟ್ಟ ಮೇಲೆ ದಿನಾ ಅವಳ ಫೋನು ಬರುತ್ತದೆ. ಮಕ್ಕಳ ಸುದ್ದಿ ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಲ್ಲುತ್ತಾಳೆ. ಮುಂದಿನ ಶಬ್ದ ನನಗೆ ಗೊತ್ತಿರುತ್ತದೆ, ನಾಲಿಗೆಯ ತುದಿಗೆ ಬಂದು ಕೂತಿರುತ್ತದೆ. ಅದನ್ನು ಅಲ್ಲೇ ತಡೆದು ಹೂಂ ಅನ್ನುತ್ತೇನೆ. ಎಷ್ಟು ನಿಧಾನವಾಗಿ ಅಂದರೂ ಅದು ಆ ದಿನದ ಹೂಂನಂತೆ ನನ್ನ ಕಿವಿಗೆ ಕೇಳಿಸುವುದಿಲ್ಲ. ಎಲ್ಲೋ ಒಂದಿಷ್ಟು ಅವಸರ ಉಳಿದಿರುತ್ತದೆ. ಆ ರೆಕಾರ್ಡು ನನ್ನ ಫೋನಿನಲ್ಲಿದೆ. ಮಧ್ಯಾಹ್ನ ಕೆಲಸವೆಲ್ಲ ಮುಗಿದು ಮನೆ ಖಾಲಿಯಾದಾಗ ಒಮ್ಮೊಮ್ಮೆ ಹಚ್ಚಿ ಕೇಳುತ್ತೇನೆ. ಅದು ಹೂಂ ಅಂದ ಮೇಲೆ ನಾನೂ ಒಮ್ಮೆ ಅಂದು ನೋಡುತ್ತೇನೆ. ನನ್ನದೇ ದನಿಯಿಂದ ಕಲಿಯುತ್ತಿದ್ದೇನೆ, ಇನ್ನೂ ಬಂದಿಲ್ಲ.